ಅಪ್ಪನಿಗೆ ಪ್ರೋತ್ಸಾಹ ಬೇಕಾಗಿಲ್ಲ

ಮಧ್ಯ ರೈಲ್ವೆಯ ಹಾದಿಯಲ್ಲಿರುವ ಒಂದು ಉಪನಗರ, ಅಲ್ಲೊಂದು ಸಭಾಂಗಣ, ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅರವತ್ತು ದಾಟಿದ ಸುಮಾರು ನಲವತ್ತು ಜನ ಕೂತಿದ್ದರು. ಹಿಂದಿನ ಗೋಡೆಯ ಬ್ಯಾನರಿನಲ್ಲಿ ‘ಹಿರಿಯರಿಗಾಗಿ ಸ್ಮಾರ್ಟ್‌ಫೋನ್’ ಎಂದಿತ್ತು. ತರಬೇತಿ ಕೊಡಲು ಬಂದ ಹುಡುಗನಿಗೆ ಇಪ್ಪತ್ತೈದು ಇರಬಹುದು. ಒಳ್ಳೆಯ ಹುಡುಗ, ಮುಖದಲ್ಲಿ ನಗು ಮಾಸಲೇ ಇಲ್ಲ. ಅವನು ಹೇಳಿದ ಮೊದಲ ಮಾತು: “ಮೊದಲು ಹೆದರಿಕೆ ಬಿಡಿ. ನೀವೂ ಮಾಡಬಲ್ಲಿರಿ.” ಎಲ್ಲರೂ ಚಪ್ಪಾಳೆ ತಟ್ಟಿದರು. ಪರದೆಯ ಮೇಲಿನ ಚಿತ್ರಗಳು ಇಂಗ್ಲಿಷಿನಲ್ಲಿ, ಹುಡುಗನ ವಿವರಣೆ ಹಿಂದಿಯಲ್ಲಿ, ಕೂತವರು ತಮ್ಮ ತಮ್ಮಲ್ಲಿ ಪಿಸುಗುಟ್ಟುತ್ತಿದ್ದದ್ದು ತುಳು ಮತ್ತು ಕನ್ನಡದಲ್ಲಿ. ಎರಡು ಗಂಟೆ ಆದಮೇಲೆ ವಡೆ, ಚಹಾ, ಒಂದು ಪ್ರಮಾಣಪತ್ರ.

ವಾಪಸು ಬರುವಾಗ ರಿಕ್ಷಾದಲ್ಲಿ ಅಪ್ಪ ಪ್ರಮಾಣಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೇಳಿದರು: “ಹುಡುಗ ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಆದರೆ ನಾನು ಕೇಳಬೇಕು ಅಂತಿದ್ದದ್ದನ್ನು ಹೇಳಲಿಲ್ಲ.”

ಏನು ಕೇಳಬೇಕಿತ್ತು ಎಂದೆ.

“ತಪ್ಪಾದರೆ ಯಾರ ಹತ್ತಿರ ಹೋಗುವುದು?”

ಅಂದಿನಿಂದ ‘ಪ್ರೋತ್ಸಾಹ’ ಎಂಬ ಪದ ಕಂಡಲ್ಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಿರಿಯರನ್ನು ಹೊಸ ತಂತ್ರಜ್ಞಾನ ಬಳಸುವಂತೆ ಪ್ರೋತ್ಸಾಹಿಸಬೇಕು ಎಂದು ಪತ್ರಿಕೆಗಳು ಬರೆಯುತ್ತವೆ, ಬ್ಯಾಂಕುಗಳು ಜಾಹೀರಾತು ಕೊಡುತ್ತವೆ, ಮಕ್ಕಳು ಮೇಜಿನ ಸುತ್ತ ಕೂತು ಹೇಳುತ್ತಾರೆ. ಆ ಮಾತಿನ ಒಳಗೆ ಒಂದು ಊಹೆ ಅಡಗಿದೆ: ತೊಂದರೆ ಇರುವುದು ಹಿರಿಯರ ಮನಸ್ಸಿನಲ್ಲಿ, ಯಂತ್ರ ಸರಿ ಇದೆ, ವ್ಯವಸ್ಥೆ ಸರಿ ಇದೆ, ಇವರಿಗೆ ಧೈರ್ಯ ಸಾಲದು. ಆ ಊಹೆ ಸುಳ್ಳು. ನಮ್ಮ ಮನೆಯ ಮಟ್ಟಿಗಾದರೂ ಅದು ಸುಳ್ಳು ಎಂದು ನಾನು ತೋರಿಸಬಲ್ಲೆ.

ಅಪ್ಪ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದದ್ದು 1963ರಲ್ಲಿ, ಹದಿನೈದನೇ ವಯಸ್ಸಿಗೆ. ಹಗಲು ಫೋರ್ಟ್‌ನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಎಸ್ಸೆಸ್ಸಿ ಪಾಸಾಗಿ, ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕೊಂದರಲ್ಲಿ ಗುಮಾಸ್ತರಾದರು. 2008ರಲ್ಲಿ ನಿವೃತ್ತಿ. ಈ ನಡುವೆ ಅವರು ಕಲಿತ ಯಂತ್ರಗಳನ್ನು ಲೆಕ್ಕ ಹಾಕಿದ್ದೇನೆ. ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಮೂರು ಗಂಟೆ ಕಾಯುವುದು, ಅದರಲ್ಲೂ ಆರ್ಡಿನರಿ ಯಾವಾಗ, ಅರ್ಜೆಂಟ್ ಯಾವಾಗ ಎಂಬ ವಿವೇಕ. ಪದಕ್ಕೆ ಇಷ್ಟು ಎಂದು ದುಡ್ಡು ಕೊಡಬೇಕಾದ ತಂತಿಯಲ್ಲಿ ಸಾವಿನ ಸುದ್ದಿಯನ್ನು ನಾಲ್ಕು ಪದಗಳಿಗೆ ಇಳಿಸುವ ವಿದ್ಯೆ; ಆ ತಂತಿಯೂ 2013ರ ಜುಲೈಯಲ್ಲಿ ನಿಂತುಹೋಯಿತು. ಬ್ಯಾಂಕಿನಲ್ಲಿ ಟೆಲೆಕ್ಸ್. ಆಮೇಲೆ 1980ರ ದಶಕದಲ್ಲಿ ರಂಗರಾಜನ್ ಸಮಿತಿಯ ವರದಿ ಬಂದು, ಯೂನಿಯನ್‌ಗಳು ಗುದ್ದಾಡಿ, ಒಪ್ಪಂದಗಳಾಗಿ, ಕೊನೆಗೆ ಶಾಖೆಗಳಿಗೆ ಬಂದ ಲೆಡ್ಜರ್ ಪೋಸ್ಟಿಂಗ್ ಯಂತ್ರ. ಅದಾದ ಮೇಲೆ ಪೂರ್ತಿ ಕಂಪ್ಯೂಟರು, ಕೋರ್ ಬ್ಯಾಂಕಿಂಗ್. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು, ನಿವೃತ್ತಿಯ ದಿನದವರೆಗೆ ಲಕ್ಷಾಂತರ ರೂಪಾಯಿಯ ಲೆಕ್ಕವನ್ನು ಪೈಸೆ ತಪ್ಪದೆ ಒಪ್ಪಿಸಿದ ಮನುಷ್ಯನಿಗೆ ಇವತ್ತು “ಹೆದರಿಕೆ ಬಿಡಿ” ಎಂದು ಹೇಳುತ್ತೇವೆ.

ಆಗ ಹೇಗೆ ಕಲಿತಿರಿ ಎಂದು ಕೇಳಿದ್ದೆ. ಅವರ ಉತ್ತರದಲ್ಲಿ ಪ್ರೋತ್ಸಾಹದ ಸುಳಿವಿರಲಿಲ್ಲ. ಕೆಲಸದ ವೇಳೆಯಲ್ಲೇ ತರಬೇತಿಗೆ ಕಳಿಸಿದರಂತೆ. ಕೈಪಿಡಿ ಕೊಟ್ಟರಂತೆ, ಅದಕ್ಕೆ ಅಪ್ಪ ರಟ್ಟು ಹಾಕಿಸಿಕೊಂಡಿದ್ದರು. ಪಕ್ಕದ ಕುರ್ಚಿಯಲ್ಲಿ ಗೊತ್ತಿದ್ದವರೊಬ್ಬರು ಕೂತಿರುತ್ತಿದ್ದರಂತೆ. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪು ನಮೂದು ಮಾಡಿದರೆ ಅದನ್ನು ತಿರುಗಿಸುವ ವೋಚರ್ ಇತ್ತು. ಅಧಿಕಾರಿಯ ಸಹಿ ಬಿದ್ದರೆ ತಪ್ಪು ಅಳಿಯುತ್ತಿತ್ತು, ಅಳಿದದ್ದಕ್ಕೂ ದಾಖಲೆ ಉಳಿಯುತ್ತಿತ್ತು. ಅಪ್ಪನ ಮನಸ್ಸಿನಲ್ಲಿ ‘ವ್ಯವಸ್ಥೆ’ ಎಂದರೆ ಅದು. ಈಗಿನ ಫೋನಿನಲ್ಲಿ ನಾಲ್ಕೋ ಆರೋ ಅಂಕಿಯ ಪಿನ್ ಒತ್ತಿದರೆ ಹಣ ಹೋಯಿತು, ಅದನ್ನು ವಾಪಸು ತರಿಸುವುದಕ್ಕೆ ಎಲ್ಲಿ ಶುರುಮಾಡಬೇಕು ಎಂಬುದು ಮಗಳಿಗೂ ಗೊತ್ತಿಲ್ಲ. ಇದನ್ನು ಕಂಡು ಹಿಂಜರಿದರೆ ಅದನ್ನು ಹೆದರಿಕೆ ಎನ್ನಬೇಡಿ. ಮೂವತ್ತಾರು ವರ್ಷ ಇತರರ ಹಣ ಎಣಿಸಿದವನ ಲೆಕ್ಕಾಚಾರ ಅದು.

ಮತ್ತು ಆ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಯುಪಿಐ ಶುರುವಾದದ್ದು 2016ರಲ್ಲಿ. ಅದನ್ನು ನಡೆಸುವ ರಾಷ್ಟ್ರೀಯ ಪಾವತಿ ನಿಗಮದ ಕಚೇರಿ ನಮ್ಮ ಊರಲ್ಲೇ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿದೆ. ಅದರಲ್ಲಿ ಒಂದು ಸೌಲಭ್ಯವಿತ್ತು: ಯಾರು ಬೇಕಾದರೂ ಇನ್ನೊಬ್ಬರಿಗೆ ‘ಇಷ್ಟು ಹಣ ಕೊಡಿ’ ಎಂಬ ಕೋರಿಕೆ ಕಳಿಸಬಹುದು. ಮೋಸಗಾರರು “ನಿಮಗೆ ಹಣ ಬಂದಿದೆ, ಪಿನ್ ಒತ್ತಿ ಪಡೆದುಕೊಳ್ಳಿ” ಎಂದು ಫೋನಿನಲ್ಲಿ ಹೇಳುವುದು, ಈ ಕಡೆಯವರು ಒತ್ತುವುದು, ಹಣ ಹೋಗುವುದು. ಆಮೇಲೆ ನಾವೆಲ್ಲ ಸೇರಿ ಆ ಹಿರಿಯರನ್ನು ಬೈಯುವುದು: ಹಣ ಪಡೆಯಲು ಪಿನ್ ಬೇಡ ಅಂತ ಎಷ್ಟು ಸಲ ಹೇಳಿಲ್ಲ! ವರ್ಷಗಟ್ಟಲೆ ಎಚ್ಚರಿಕೆಯ ಸಂದೇಶಗಳು, ಭಿತ್ತಿಪತ್ರಗಳು, ಉಪನ್ಯಾಸಗಳು. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಆ ಕೋರಿಕೆಯನ್ನೇ ನಿಗಮ ನಿಲ್ಲಿಸಿತು. ಅಂದರೆ ದೋಷ ಗುಂಡಿಯಲ್ಲೂ ಇತ್ತು, ಗುಂಡಿಯನ್ನು ತೆಗೆಯಲೂ ಬರುತ್ತಿತ್ತು. ಒಂಬತ್ತು ವರ್ಷ ನಾವು ತಿದ್ದಲು ಹೊರಟದ್ದು ಅಜ್ಜ ಅಜ್ಜಿಯರನ್ನು.

ಒಟಿಪಿಯ ಕತೆಯೂ ಹೀಗೆಯೇ. ಭಾಷಾವಿಜ್ಞಾನ ಓದಿದವಳಾಗಿ ನನಗೆ ಇದು ತಮಾಷೆಯಾಗಿಯೂ ಕಾಣುತ್ತದೆ. ‘ಇದನ್ನು ಯಾರಿಗೂ ಹೇಳಬೇಡಿ’ ಎಂದು ಸಂದೇಶವೇ ಹೇಳುತ್ತದೆ. ಮರುದಿನ ಬಾಗಿಲಿಗೆ ಪಾರ್ಸೆಲ್ ತಂದ ಹುಡುಗ “ಆಂಟಿ, ಒಟಿಪಿ ಹೇಳಿ” ಅನ್ನುತ್ತಾನೆ. ಗ್ಯಾಸ್ ಸಿಲಿಂಡರ್ ತಂದವನೂ ಒಂದು ಅಂಕಿ ಕೇಳುತ್ತಾನೆ. ಅಮ್ಮನ ಪ್ರಶ್ನೆ: “ಯಾರಿಗೂ ಅಂದರೆ ಯಾರಿಗೆ?” ಒಂದೇ ಪದಕ್ಕೆ ಎರಡು ವಿರುದ್ಧ ನಿಯಮಗಳನ್ನು ಕಲಿಸಿ, ಯಾವುದು ಎಲ್ಲಿ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಹೇಳದೆ ಬಿಟ್ಟ ವ್ಯಾಕರಣ ಇದು. ಇಂಥ ವ್ಯಾಕರಣವನ್ನು ಮಗುವೂ ಕಲಿಯಲಾರದು. ಈ ಗೊಂದಲದ ಮೇಲೆಯೇ ‘ಡಿಜಿಟಲ್ ಅರೆಸ್ಟ್’ ಎಂಬ ದರೋಡೆ ಬೆಳೆದು ನಿಂತದ್ದು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಅದರ ಬಗ್ಗೆ ಎಚ್ಚರಿಸಬೇಕಾಯಿತು. 1930 ಎಂಬ ಸಹಾಯವಾಣಿಯ ಸಂಖ್ಯೆಯನ್ನು ನಾನು ಕಾಗದದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ರಿಕ್ಷಾದಲ್ಲಿ ಅಪ್ಪ ಕೇಳಿದ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಸದ್ಯಕ್ಕೆ ಅಷ್ಟೇ.

ಇಲ್ಲಿಯವರೆಗೆ ಬೇರೆಯವರನ್ನು ಬೈದೆ. ಇನ್ನು ನನ್ನ ಪಾಲು.

ನಾನು ಅನುವಾದಕಿ. ಕಾದಂಬರಿ, ಕವಿತೆಯ ಅನುವಾದದಿಂದ ಡೊಂಬಿವಲಿಯ ಬಾಡಿಗೆ ಹುಟ್ಟುವುದಿಲ್ಲ, ಹಾಗಾಗಿ ಆ್ಯಪುಗಳ ಮತ್ತು ಫೋನುಗಳ ಒಳಗಿನ ಪದಗಳನ್ನು ಕನ್ನಡಕ್ಕೆ ತರುವ ಕೆಲಸವನ್ನೂ ಮಾಡುತ್ತೇನೆ. ಆ ಕೆಲಸ ಹೇಗೆ ಬರುತ್ತದೆ ಎಂದು ನಿಮಗೆ ಗೊತ್ತಿರಲಿ. ಒಂದು ಎಕ್ಸೆಲ್ ಹಾಳೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಖಾಲಿ ಕೋಣೆ. ಆ ಪದ ಪರದೆಯ ಮೇಲೆ ಎಲ್ಲಿ ಬರುತ್ತದೆ, ಯಾವಾಗ ಬರುತ್ತದೆ ಎಂಬ ಚಿತ್ರ ಇರುವುದಿಲ್ಲ. ಪದಕ್ಕೆ ಇಷ್ಟು ಪೈಸೆ ಎಂದು ಸಂಬಳ, ಅಪ್ಪನ ಕಾಲದ ತಂತಿಯ ಹಾಗೆ. ಎರಡು ದಿನದಲ್ಲಿ ನಾಲ್ಕು ಸಾವಿರ ಪದ. ಅಂಥ ಒಂದು ಹಾಳೆಯಲ್ಲಿ ಅಲಾರಂ ನಿಲ್ಲಿಸುವ ಗುಂಡಿಗೆ ನಾನು ಬರೆದದ್ದು ‘ವಜಾಗೊಳಿಸಿ’. ಹಿಂದಿನವರು ಹಾಗೇ ಬರೆದಿದ್ದರು, ಪದಕೋಶವೂ ಒಪ್ಪುತ್ತದೆ, ಏಕರೂಪತೆ ಇರಬೇಕೆಂದು ಏಜೆನ್ಸಿಯ ಸೂಚನೆ.

ಮುಂದೊಂದು ದಿನ ಅಮ್ಮನ ಫೋನಿನ ಭಾಷೆಯನ್ನು ನಾನೇ ಕನ್ನಡಕ್ಕೆ ಬದಲಿಸಿದೆ, ಹೆಮ್ಮೆಯಿಂದಲೇ. ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಅಲಾರಂ ಹೊಡೆದುಕೊಳ್ಳುತ್ತಿತ್ತು, ಅವಳು ನೋಡುತ್ತ ಕೂತಿದ್ದಳು. ನಿಲ್ಲಿಸಮ್ಮ ಎಂದೆ. “ವಜಾ ಮಾಡಿ ಅಂತ ಉಂಟಲ್ಲ ಮಾರಾಯ್ತಿ, ಯಾರನ್ನು?” ಎಂದಳು. ಅವಳ ಅಣ್ಣ ಪರೇಲಿನ ಗಿರಣಿಯಲ್ಲಿದ್ದವರು. 1982ರ ಜನವರಿ 18ರಂದು ದತ್ತಾ ಸಾಮಂತರ ಕರೆಗೆ ಮುಷ್ಕರ ಶುರುವಾಯಿತಲ್ಲ, ಅದಾದ ಮೇಲೆ ಅವರು ಮತ್ತೆ ಗಿರಣಿಯ ಬಾಗಿಲು ದಾಟಲಿಲ್ಲ. ‘ವಜಾ’ ಎಂಬ ಪದ ಅಮ್ಮನ ಕನ್ನಡಕ್ಕೆ ಬಂದದ್ದು ಆ ಬಾಗಿಲಿನಿಂದ. ಮಾತ್ರೆಯ ಅಲಾರಂ ಅನ್ನು ಅವಳು ತಾನಾಗಿಯೇ ಸುಮ್ಮನಾಗುವವರೆಗೆ ಹೊಡೆದುಕೊಳ್ಳಲು ಬಿಡುತ್ತಿದ್ದಳು. ‘ನಿಲ್ಲಿಸಿ’ ಎಂದು ಬರೆಯಲು ನನಗೆ ಏನಾಗಿತ್ತು?

ಅಂದಿನಿಂದ ಅಮ್ಮನ ಫೋನಿನ ಕನ್ನಡವನ್ನು ಅಮ್ಮನ ಪಕ್ಕ ಕೂತು ಓದುತ್ತಿದ್ದೇನೆ. ಮೋಸದ ಸಂದೇಶ ಬಂದರೆ ಒತ್ತಬೇಕಾದ ಗುಂಡಿಯ ಮೇಲೆ ‘ವರದಿ ಮಾಡಿ’ ಎಂದಿರುತ್ತದೆ. ವರದಿ ಮಾಡುವವರು ಪತ್ರಕರ್ತರು. ಕಳ್ಳತನವಾದರೆ ಕನ್ನಡದಲ್ಲಿ ಕೊಡುವುದು ದೂರು. ‘ದೂರು ಕೊಡಿ’ ಎಂದಿದ್ದರೆ ನಮ್ಮ ಬೀದಿಯ ಪ್ರತಿ ಅಜ್ಜಿಯೂ ಅದನ್ನು ಒತ್ತುತ್ತಿದ್ದಳು, ಕೆಲವರು ಅನಗತ್ಯವಾಗಿಯೂ ಒತ್ತುತ್ತಿದ್ದರು. ನಾವು ‘ಸ್ವೈಪ್ ಮಾಡಿ’ ಎಂದು ಬರೆದದ್ದಕ್ಕೆ ಅಮ್ಮ ಹೇಳುವುದು ‘ಒರಸು’. ನೆಲ ಒರಸಿದ ಹಾಗೆ, ಕೈ ಅದನ್ನೇ ತಾನೇ ಮಾಡುವುದು! ವಾಟ್ಸಾಪ್ ಅವಳಿಗೆ ‘ಹಸಿರು ಫೋನು’, ಯೂಟ್ಯೂಬ್ ‘ಕೆಂಪು ಟೀವಿ’, ಮೂಲೆಯ ಮೂರು ಚುಕ್ಕೆ ‘ರಂಗೋಲಿ’. ಎಂಎ ಮಾಡುವಾಗ ಪದರಚನೆಯ ಬಗ್ಗೆ ಎರಡು ಪ್ರಬಂಧ ಬರೆದ ನನಗಿಂತ ಚೆನ್ನಾಗಿ ಅವಳು ಹೆಸರಿಡುತ್ತಾಳೆ, ಏಕೆಂದರೆ ಅವಳು ಪರದೆಯನ್ನು ನೋಡಿ ಹೆಸರಿಡುತ್ತಾಳೆ. ನಾನು ಎಕ್ಸೆಲ್ ಹಾಳೆಯನ್ನು ನೋಡಿ ಇಟ್ಟೆ.

ಅಂಗಡಿಯಿಂದ ತಂದ ಫೋನು ಕನ್ನಡದಲ್ಲಿ ಮಾತಾಡುವಂತೆ ಮಾಡಲು ಮಗಳೊಬ್ಬಳು ಬೇಕಾಯಿತು ಎಂಬುದನ್ನೂ ಗಮನಿಸಿ. ಭಾರತದಲ್ಲಿ ಮಾರುವ ಫೋನುಗಳಲ್ಲಿ ಎಲ್ಲ 22 ಅಧಿಕೃತ ಭಾಷೆಗಳನ್ನೂ ಓದಲು ಬರಬೇಕು ಎಂದು ಐಎಸ್ 16333 ಎಂಬ ಮಾನದಂಡವಿದೆ. ಅದನ್ನು ಕಡ್ಡಾಯಗೊಳಿಸುವ ಆದೇಶ ಹೊರಟದ್ದು 2016ರಲ್ಲಿ. ಕನ್ನಡ ಫೋನಿನೊಳಗೆ ಇದೆ, ನಿಜ. ಆದರೆ ಅದನ್ನು ತಲುಪಲು ಇಂಗ್ಲಿಷಿನ ನಾಲ್ಕು ಬಾಗಿಲು ದಾಟಬೇಕು. ಇಂಗ್ಲಿಷ್ ಬರದವರಿಗಾಗಿ ಇಟ್ಟ ಕೋಣೆಯ ಬೀಗದ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ.

ಇದರಿಂದ ಯಾರ ಜೀವವೂ ಹೋಗುವುದಿಲ್ಲ ಎನ್ನುವವರಿಗೆ 2021ನ್ನು ನೆನಪಿಸುತ್ತೇನೆ. ಅರವತ್ತು ದಾಟಿದವರಿಗೆ ಕೊರೋನಾ ಲಸಿಕೆ ಶುರುವಾದದ್ದು ಮಾರ್ಚ್ 1ರಂದು. ನೋಂದಣಿಯ ಕೋವಿನ್ ಜಾಲತಾಣಕ್ಕೆ ಕನ್ನಡ, ಮರಾಠಿ ಮುಂತಾದ ಭಾಷೆಗಳು ಬಂದದ್ದು ಜೂನ್‌ನಲ್ಲಿ. ನಡುವಿನ ಮೂರು ತಿಂಗಳಲ್ಲಿ ಎರಡನೇ ಅಲೆ ಬಂದು ಹೋಗಿತ್ತು. ನೇರವಾಗಿ ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ನಿಲ್ಲುವ ದಾರಿಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಸುರಕ್ಷಿತವಾದ ದಾರಿ, ಮನೆಯಲ್ಲೇ ಕೂತು ಸಮಯ ಗೊತ್ತುಮಾಡಿಕೊಳ್ಳುವ ದಾರಿ, ಇಂಗ್ಲಿಷ್ ಬಲ್ಲ ಮಕ್ಕಳಿದ್ದವರಿಗಷ್ಟೇ ಇತ್ತು. ನಮ್ಮ ಚಾಳಿನ ಹಳೆಯ ನೆರೆಯವರಿಗೆಲ್ಲ ನಾನೇ ಬುಕ್ ಮಾಡಿಕೊಟ್ಟೆ. ರಾತ್ರಿ ಹನ್ನೆರಡಕ್ಕೆ ಅವರು ಒಟಿಪಿ ಓದಿ ಹೇಳುತ್ತಿದ್ದರು. ಯಾರಿಗೂ ಹೇಳಬಾರದ ಒಟಿಪಿ.

ಈಗ ಕಲಿಸುವ ಮಾತಿಗೆ ಬರೋಣ. ಮುಂಬಯಿ ಕನ್ನಡಿಗರಿಗೆ, ಎಲ್ಲ ಬಿಟ್ಟು ಮುಂಬಯಿ ಕನ್ನಡಿಗರಿಗೆ, ದೊಡ್ಡವರಿಗೆ ಕಲಿಸುವುದು ಹೇಗೆಂದು ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು ಹೇಳಬೇಕು. ಈ ಊರಿನಲ್ಲಿ ಕಳೆದ ಶತಮಾನವಿಡೀ ಕನ್ನಡ ರಾತ್ರಿಶಾಲೆಗಳು ನಡೆದವು. ಮೊಗವೀರರು, ಬಿಲ್ಲವರು, ಬಂಟರು, ಇನ್ನೂ ಎಷ್ಟೋ ಸಮುದಾಯಗಳ ಸಂಘಗಳು ತಮ್ಮ ಖರ್ಚಿನಲ್ಲಿ ನಡೆಸಿದವು. ಹೋಟೆಲಿನ ಹುಡುಗರು, ಗಿರಣಿಯವರು, ಕ್ಯಾಂಟೀನಿನವರು ಕೆಲಸ ಮುಗಿಸಿ, ಕೈಯಲ್ಲಿ ಸಾಂಬಾರಿನ ವಾಸನೆ ಹೊತ್ತುಕೊಂಡೇ ಬಂದು ಬೆಂಚಿನಲ್ಲಿ ಕೂರುತ್ತಿದ್ದರು. ಕಲಿಸುವವರೂ ಹಗಲು ಎಲ್ಲೋ ಗುಮಾಸ್ತರಾಗಿ ದುಡಿದು ಬಂದವರೇ. ಹೋಟೆಲು ಮುಚ್ಚುವುದು ತಡವಾದರೆ ಪಾಠ ತಡವಾಗುತ್ತಿತ್ತು ಎಂದು ಅಪ್ಪ ಹೇಳುತ್ತಾರೆ. ನಿದ್ದೆ ಹೋದವನನ್ನು ಮೇಷ್ಟ್ರು ಎಬ್ಬಿಸುತ್ತಿರಲಿಲ್ಲವಂತೆ; ಹತ್ತು ನಿಮಿಷ ಬಿಟ್ಟು, ಅವನು ಎದ್ದ ಮೇಲೆ, ತಪ್ಪಿಹೋದ ಭಾಗವನ್ನು ಮತ್ತೆ ಹೇಳುತ್ತಿದ್ದರಂತೆ.

ಆ ಹುಡುಗರಿಗೆ ಯಾರೂ “ಹೆದರಿಕೆ ಬಿಡಿ, ನೀವೂ ಮಾಡಬಲ್ಲಿರಿ” ಎಂದು ಚಪ್ಪಾಳೆ ತಟ್ಟಿಸಲಿಲ್ಲ. ಅವರ ಭಾಷೆಯಲ್ಲಿ, ಅವರ ವೇಳೆಗೆ, ವರ್ಷಗಟ್ಟಲೆ ಕಲಿಸಿದರು. ನಪಾಸಾದರೆ ಮರುವರ್ಷ ಬಾ ಎಂದರು. ಇಂದು ಆ ಹುಡುಗರಿಗೆ ಎಪ್ಪತ್ತೈದು, ಎಂಬತ್ತು. ಅವರಿಗೆ ನಾವು ಕೊಡುತ್ತಿರುವುದು ಹಿಂದಿಯಲ್ಲಿ ಎರಡು ಗಂಟೆ, ಮೇಲೊಂದು ವಡೆ. ಸಂಘಗಳಿಗೆ ಸಭಾಂಗಣಗಳಿವೆ. ಯಕ್ಷಗಾನಕ್ಕೆ, ಸನ್ಮಾನಕ್ಕೆ, ವಾರ್ಷಿಕೋತ್ಸವಕ್ಕೆ ಅವು ತೆರೆಯುತ್ತವೆ. ಶಾಲು ಹೊದೆಸುವ ಉತ್ಸಾಹದಲ್ಲಿ ಹತ್ತರಲ್ಲಿ ಒಂದು ಪಾಲು ಸಾಕು: ವಾರಕ್ಕೊಂದು ಸಂಜೆ, ಒಂದು ಮೇಜು, ಎರಡು ಕುರ್ಚಿ, ಕನ್ನಡ ತುಳು ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ. ಪಾಠವೂ ಬೇಡ. ಏನು ತಪ್ಪಾಗಿದೆಯೋ ತಂದು ತೋರಿಸಲಿ. ಮುಂದಿನ ವಾರವೂ ಅದೇ ಕುರ್ಚಿ ಅಲ್ಲೇ ಇರುತ್ತದೆ ಎಂಬ ಖಾತ್ರಿ ಇದ್ದರೆ ಸಾಕು.

ನಾವು ಮಕ್ಕಳು ಆ ಕುರ್ಚಿಯಲ್ಲಿ ಏಕೆ ಕೂರುವುದಿಲ್ಲ? ನಿಜ ಹೇಳಬೇಕೆಂದರೆ, ಅಪ್ಪ ಅಮ್ಮ ಫೋನು ಕಲಿಯಬೇಕು ಎಂದು ನಾವು ಹಟ ಹಿಡಿಯುವುದರಲ್ಲಿ ನಮ್ಮ ಅನುಕೂಲವೇ ಹೆಚ್ಚು. ಅವರು ಬಿಲ್ಲು ಕಟ್ಟಲು ಕಲಿತರೆ ನಾವು ಕಟ್ಟಬೇಕಿಲ್ಲ, ಔಷಧಿ ತರಿಸಿಕೊಂಡರೆ ನಾವು ಹೋಗಬೇಕಿಲ್ಲ. ಅವರು ‘ಆನ್‌ಲೈನ್’ ಎಂಬುದು ಕಂಡರೆ ಬದುಕಿದ್ದಾರೆ ಎಂದು ಗೊತ್ತಾಗುತ್ತದೆ, ಫೋನು ಮಾಡಬೇಕಿಲ್ಲ. ಕಲಿತ ಮೇಲೆ ಅವರು ಏನು ಮಾಡುತ್ತಾರೆ? ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಮೇಲೆ ‘ಶುಭೋದಯ’ ಎಂದು ಬರೆದ ಚಿತ್ರ ಕಳಿಸುತ್ತಾರೆ. ಆಗ ನಾವು ಗುಂಪನ್ನು ಮ್ಯೂಟ್ ಮಾಡುತ್ತೇವೆ. ಅಮ್ಮ ಕಳಿಸಿದ ಧ್ವನಿ ಸಂದೇಶ ನಾಲ್ಕು ನಿಮಿಷದ್ದಿದ್ದರೆ ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತೇವೆ. ನಾನೂ ಕೇಳಿದ್ದೇನೆ. ಒಮ್ಮೆ ಅದರ ಕೊನೆಯಲ್ಲಿ ಅವಳು ಹೇಳಿದ್ದ ಒಂದು ಮಾತು ಆ ವೇಗದಲ್ಲಿ ನನಗೆ ಕೇಳಿಸಲೇ ಇಲ್ಲ. ತಲೆ ಸುತ್ತಿ ಬಿದ್ದದ್ದು ನನಗೆ ತಿಳಿದದ್ದು ಎರಡು ದಿನದ ಮೇಲೆ.

ಹಾಗಾದರೆ ಅವರನ್ನು ಅವರ ಪಾಡಿಗೆ ಬಿಡಿ, ಆ ಹಾಳು ಫೋನು ಏಕೆ ಬೇಕು ಎಂದು ನಿಟ್ಟುಸಿರು ಬಿಡುವವರ ಕಡೆಗೂ ನಾನಿಲ್ಲ. ಅದು ಇನ್ನೊಂದು ಬಗೆಯ ಉಡಾಫೆ. ಅಮ್ಮನಿಗೆ ಫೋನು ಬೇಕು. ಕೆಂಪು ಟೀವಿಯಲ್ಲಿ ಯಕ್ಷಗಾನದ ಪ್ರಸಂಗಗಳನ್ನು ರಾತ್ರಿ ಎರಡರವರೆಗೆ ನೋಡುತ್ತಾಳೆ, ಅದನ್ನು ಹುಡುಕುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಮೈಕಿನ ಗುರುತು ಒತ್ತಿ ಭಾಗವತರ ಹೆಸರು ಹೇಳುತ್ತಾಳೆ, ಬರುತ್ತದೆ. ದುಬೈಯಲ್ಲಿರುವ ಮೊಮ್ಮಗನ ಹೊಸ ಹಲ್ಲನ್ನು ಅವಳು ನೋಡಿದ್ದು ಹಸಿರು ಫೋನಿನಲ್ಲಿ. ಅಪ್ಪನೂ ನವೆಂಬರಿನಲ್ಲಿ ಪಿಂಚಣಿಗಾಗಿ ‘ಬದುಕಿದ್ದೇನೆ’ ಎಂಬ ಪ್ರಮಾಣಪತ್ರವನ್ನು ಮನೆಯಲ್ಲೇ ಕೂತು ಕೊಡುತ್ತಾರೆ. 2014ರಲ್ಲಿ ಬಂದ ಈ ಜೀವನ್ ಪ್ರಮಾಣ್ ವ್ಯವಸ್ಥೆ ಮೊದಲು ಬೆರಳಚ್ಚು ಕೇಳುತ್ತಿತ್ತು, ವಯಸ್ಸಾದ ಬೆರಳುಗಳ ಗೆರೆ ಸವೆದು ಯಂತ್ರ ಒಪ್ಪುತ್ತಿರಲಿಲ್ಲ. 2021ರಲ್ಲಿ ಮುಖ ತೋರಿಸುವ ಸೌಲಭ್ಯ ಬಂತು. ಅಪ್ಪ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ, “ಇನ್ನೊಂದು ವರ್ಷಕ್ಕೆ ಸಾಕು” ಎನ್ನುತ್ತಾರೆ. ಯಂತ್ರ ಮನುಷ್ಯನ ಕಡೆ ಎರಡು ಹೆಜ್ಜೆ ಇಟ್ಟರೆ ಅವರು ತಾವಾಗಿಯೇ ನಾಲ್ಕು ಹೆಜ್ಜೆ ಬರುತ್ತಾರೆ.

ಆದರೆ ಮಿಟುಕಿಸಲಾಗದ ಕಣ್ಣುಗಳೂ ಇವೆ. ಆಸಿಡ್ ದಾಳಿಗೆ ಒಳಗಾದವರು, ದೃಷ್ಟಿಯಿಲ್ಲದವರು ಇದೇ ಕಾರಣಕ್ಕೆ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ತಲುಪುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಕಣ್ಣು ಮಿಟುಕಿಸುವುದಕ್ಕೆ ಬದಲಿ ದಾರಿ ಇಡಿ ಎಂದು ಆದೇಶಿಸಿತು. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಆಸರೆ ಬೇಕಿಲ್ಲ. ಅರ್ಜಿದಾರರಿಗೆ ‘ಧೈರ್ಯವಾಗಿ ಮಿಟುಕಿಸಿ’ ಎಂದು ನ್ಯಾಯಾಲಯ ಪ್ರೋತ್ಸಾಹ ಕೊಡಲಿಲ್ಲ.

ಬದಲಿ ದಾರಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಎಪ್ಪತ್ತು ದಾಟಿದವರಿಗೆ ಬ್ಯಾಂಕಿನವರು ಮನೆ ಬಾಗಿಲಿಗೇ ಹಣ, ಡಿಮಾಂಡ್ ಡ್ರಾಫ್ಟ್ ತಲುಪಿಸಬೇಕು, ಜೀವಂತ ಪ್ರಮಾಣಪತ್ರವನ್ನು ಮನೆಯಿಂದಲೇ ಪಡೆಯಬೇಕು ಎಂದು ರಿಸರ್ವ್ ಬ್ಯಾಂಕು 2017ರ ನವೆಂಬರ್ 9ರಂದೇ ಸುತ್ತೋಲೆ ಹೊರಡಿಸಿದೆ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಅವರಿಗೆ ಇದು ಗೊತ್ತೇ ಎಂದು ಕೇಳಿ ನೋಡಿ. ಆ್ಯಪ್ ಹಾಕಿಕೊಳ್ಳಿ ಎಂದು ವಾರಕ್ಕೆ ಮೂರು ಸಂದೇಶ ಕಳಿಸುವವರು ಇದರ ಬಗ್ಗೆ ಒಂದು ಸಂದೇಶ ಕಳಿಸಿದ್ದನ್ನು ನಾನು ಕಂಡಿಲ್ಲ. ಸಾಮಾನ್ಯ ಕೀಪ್ಯಾಡ್ ಫೋನಿನಿಂದಲೇ ಹಣ ಕಳಿಸುವ ಯುಪಿಐ 123ಪೇ 2022ರ ಮಾರ್ಚಿನಿಂದ ಇದೆ; ಆ ಭಾನುವಾರದ ಸಭೆಯಲ್ಲಿ ಅದರ ಹೆಸರೇ ಬರಲಿಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ಎರಡಾಣೆ ಸಂಗ್ರಹಿಸಲು ಏಜೆಂಟ್ ಮನೆ ಮನೆಗೆ ಹೋಗುತ್ತಿದ್ದ. ಎರಡಾಣೆಗೆ ಬಾಗಿಲಿಗೆ ಬಂದದ್ದು ಪಿಂಚಣಿಗೆ ಬಾರದೇ? ಆ ಸಿಂಡಿಕೇಟ್ ಬ್ಯಾಂಕೇ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಅದಕ್ಕೆ ಒಂದು ವರ್ಷ ಮೊದಲು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ. ಕರಾವಳಿಯ ಹಿರಿಯರು ಹೊಸ ಹೆಸರು, ಹೊಸ ಬೋರ್ಡು, ಹೊಸ ಆ್ಯಪುಗಳನ್ನು ಅದೇ ವೇಗದಲ್ಲಿ ನುಂಗಿಕೊಂಡರು. ಹೊಂದಿಕೊಳ್ಳದವರೆಂದು ಅವರನ್ನೇ ಕರೆಯುತ್ತೇವೆ.

ಸಣ್ಣ ಸಂಗತಿಯೊಂದನ್ನು ಹೇಳಿ ನಿಲ್ಲಿಸುತ್ತೇನೆ. ನಮ್ಮ ಕಟ್ಟಡದ ಸೊಸೈಟಿ ಹೋದ ವರ್ಷ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡನ್ನು ತೆಗೆದು, ಇನ್ನು ಮುಂದೆ ಎಲ್ಲ ಸೂಚನೆಗಳೂ ಗುಂಪಿನಲ್ಲಿ ಮಾತ್ರ ಎಂದಿತು. ನೀರು ಬರುವುದಿಲ್ಲ ಎಂಬುದು ಮೂರನೇ ಮಹಡಿಯ ಒಬ್ಬಂಟಿ ಅಜ್ಜಿಗೆ ಗೊತ್ತಾಗುತ್ತಿದ್ದದ್ದು ನಲ್ಲಿ ತಿರುಗಿಸಿದಾಗ. ಅಪ್ಪ ಬ್ಯಾಂಕಿನ ಇಂಗ್ಲಿಷಿನಲ್ಲಿ, ಕಾರ್ಬನ್ ಪ್ರತಿ ಇಟ್ಟುಕೊಂಡು, ಕಾರ್ಯದರ್ಶಿಗೆ ಒಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಎರಡನೆಯದು ಬರೆದರು. ಮೂರನೆಯದಕ್ಕೆ ಹನ್ನೊಂದು ಜನರ ಸಹಿ ಹಾಕಿಸಿದರು, ಅದರಲ್ಲಿ ಅಜ್ಜಿಯದು ಗುಜರಾತಿಯಲ್ಲಿ. ದೀಪಾವಳಿಯ ಹೊತ್ತಿಗೆ ಬೋರ್ಡು ಅದೇ ಮೊಳೆಗಳ ಮೇಲೆ ವಾಪಸು ಬಂತು. ಸದ್ಯ ಅದರಲ್ಲಿ ಒಂದೇ ಹಾಳೆ ಇದೆ: ಟ್ಯಾಂಕು ತೊಳೆಯುವ ದಿನ, ಮತ್ತು ಕೆಳಗೆ, ಏನಾದರೂ ತೊಂದರೆಯಾದರೆ ಯಾರ ಮನೆಯ ಬೆಲ್ ಒತ್ತಬೇಕು ಎಂಬುದು. ಲಿಫ್ಟಿಗೆ ಕಾಯುವಾಗ ಅಪ್ಪ ಅದನ್ನು ಎರಡೆರಡು ಸಲ ಓದುತ್ತಾರೆ.